ನಂಬಿಯಣ್ಣ ನಡೆದ ದಾರಿಯಲ್ಲಿ

ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ಶಿಲ್ಪ ನೋಡುತ್ತಾ ಒಂದು ದಿನ

ಕನ್ನಡಿಗರು ಕೊಯಮತ್ತೂರಿಗೆ ಹೋಗುವುದು ಕಣ್ಣಿನ ಆಪರೇಷನ್ನಿಗೆ, ಮೋಟರು ಪಂಪು, ಗ್ರೈಂಡರು ತರುವುದಕ್ಕೆ, ಮಕ್ಕಳ ಎಂಜಿನಿಯರಿಂಗ್ ಸೀಟಿಗೆ. ಅದೂ ಇಲ್ಲದಿದ್ದರೆ ಊಟಿಗೆ ಹತ್ತುವ ಮುಂಚೆ ಕಾಫಿ ಕುಡಿಯುವುದಕ್ಕೆ. ತಿರುಪ್ಪೂರಿಗಾದರೆ ಬನಿಯನ್, ಟೀಶರ್ಟುಗಳ ಹೋಲ್‌ಸೇಲ್ ವ್ಯಾಪಾರಕ್ಕೆ. ಶಿಲ್ಪ ನೋಡಿ ಬರೋಣ ಎಂದು ಈ ಎರಡೂರಿಗೆ ಟಿಕೆಟ್ ಮಾಡಿಸಿದವರು ಅಪರೂಪ. ಶಿಲ್ಪ ಬೇಕಾದರೆ ತಂಜಾವೂರಿದೆ, ಮದುರೆಯಿದೆ, ನಮ್ಮದೇ ಹಳೇಬೀಡಿದೆ.

ಬಟ್ಟೆ ವ್ಯಾಪಾರದ ಊರಿನಲ್ಲಿ ಕಲೆ ಎಲ್ಲಿಂದ ಬರಬೇಕು ಎನ್ನುವುದು ನಮ್ಮ ಲೆಕ್ಕ. ಇಟಲಿಯ ಫ್ಲಾರೆನ್ಸ್ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಜಗತ್ತಿನ ಪ್ರವಾಸಿಗರೆಲ್ಲ ಸಾಲುಗಟ್ಟಿ ನಿಲ್ಲುವ ಆ ಕಲಾನಗರಿಯನ್ನು ಕಟ್ಟಿದ್ದು ಬಟ್ಟೆಯ ದುಡ್ಡೇ. ಅಲ್ಲಿನ ಮಹಾ ಚರ್ಚಿನ ನಿರ್ಮಾಣದ ಹೊಣೆಯನ್ನು 1331ರಲ್ಲಿ ವಹಿಸಿಕೊಂಡದ್ದು ಉಣ್ಣೆ ವರ್ತಕರ ಸಂಘ. ಬ್ರುನೆಲ್ಲೆಸ್ಕಿ 1419ರಲ್ಲಿ ಕೈಹಾಕಿದ ಅನಾಥ ಮಕ್ಕಳ ಆಲಯಕ್ಕೆ ಹಣ ಹಾಕಿದ್ದು ರೇಷ್ಮೆ ವರ್ತಕರ ಸಂಘ. ಕೊಯಮತ್ತೂರಿನ ಮಿಲ್ ಮಾಲೀಕರ ದುಡ್ಡು ಬೇರೆ ದಾರಿ ಹಿಡಿಯಿತು. ಇಲ್ಲಿ ಅದು ಕಾಲೇಜಾಯಿತು, ಆಸ್ಪತ್ರೆಯಾಯಿತು, ಫೌಂಡ್ರಿಯಾಯಿತು. ಆದರೆ ಮಿಲ್ಲುಗಳು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ಸೀಮೆಯಲ್ಲಿ ದುಡ್ಡು ಓಡಾಡುತ್ತಿತ್ತು, ಅದರ ಹಿಂದೆ ಉಳಿಯೂ ಓಡಾಡುತ್ತಿತ್ತು. ಎರಡನ್ನೂ ತಂದದ್ದು ಒಂದು ರಸ್ತೆ.

ಪಶ್ಚಿಮ ಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಹತ್ತಿರ ಒಂದು ದೊಡ್ಡ ಕಿಂಡಿಯಿದೆ. ಮಲಬಾರಿನ ಬಂದರುಗಳಿಂದ ಹೊರಟ ಸರಕು ಆ ಕಿಂಡಿಯಲ್ಲಿ ನುಸುಳಿ, ನೊಯ್ಯಲ್ ಹೊಳೆಯ ಗುಂಟ ಮೂಡಲಿಗೆ ಸಾಗಿ ಕರೂರು ಸೇರಿ, ಕಾವೇರಿ ಬಯಲಿಗೆ ಇಳಿಯುತ್ತಿತ್ತು. ಕೊಯಮತ್ತೂರಿನ ಪಶ್ಚಿಮಕ್ಕೆ, ಸುಂದಕ್ಕಾಮುತ್ತೂರು ಕಡೆಯ ಬೆಟ್ಟದ ಬಂಡೆಯೊಂದರ ಮೇಲೆ ‘ರಾಜಕೇಸರಿ ಪೆರುವಳಿ’ ಎಂಬ ಹೆದ್ದಾರಿಯನ್ನು ಹೆಸರಿಸುವ ಚೋಳರ ಕಾಲದ ಶಾಸನ ಇವತ್ತಿಗೂ ಇದೆ. ಕೊಯಮತ್ತೂರು, ತಿರುಪ್ಪೂರುಗಳನ್ನು ಒಳಗೊಂಡ ಈ ಕೊಂಗುನಾಡಿನ ಕಲೆಯನ್ನು ಒಂದೇ ಊರಿನ ಚೌಕದಲ್ಲಿ ನಿಂತು ನೋಡಲು ಬರುವುದಿಲ್ಲ. ಅದು ಈ ದಾರಿಯುದ್ದಕ್ಕೂ ಚದುರಿದೆ. ನೋಡುವವರು ದಾರಿಯ ಜೊತೆಗೇ ಹೋಗಬೇಕು.

ಅದಕ್ಕೊಬ್ಬ ಮಾರ್ಗದರ್ಶಿಯೂ ಇದ್ದಾನೆ, ನಮಗೆ ಹಳೆಯ ಪರಿಚಯದವನೇ. ತಮಿಳರು ಸುಂದರರ್ ಎಂದು ಕರೆಯುವ, ನಮ್ಮ ಹರಿಹರ ರಗಳೆಯಲ್ಲಿ ನಂಬಿಯಣ್ಣನೆಂದು ಕೊಂಡಾಡಿದ ಶಿವಭಕ್ತ. ನಂಜನಗೂಡಿನ ದೇವಾಲಯದಲ್ಲಿ ಸಾಲಾಗಿ ನಿಂತ ಅರವತ್ಮೂವರು ಪುರಾತನರಲ್ಲಿ ಇವನೂ ಒಬ್ಬ. ಸುಮಾರು 8ನೇ ಶತಮಾನದ ಈ ಕವಿಗೆ ಮೂರು ಗೀಳು: ಊರೂರು ತಿರುಗುವುದು, ಹಾಡುವುದು, ಶಿವನನ್ನು ದುಡ್ಡು ಕೇಳುವುದು. ಕೊಂಗುನಾಡಿನ ಮೂರು ಊರುಗಳಲ್ಲಿ ಅವನ ಕಥೆ ನಿಂತಿದೆ. ಆ ಮೂರನ್ನೂ ಒಂದು ಹಗಲಿನಲ್ಲಿ ನೋಡಬಹುದು.

ಪೇರೂರು: ಸಾಲಕ್ಕೆ ಹೆದರಿ ಗದ್ದೆಗಿಳಿದ ಶಿವ

ಬೆಳಗ್ಗೆ ಬೇಗ ಪೇರೂರಿಗೆ ಹೋಗಬೇಕು. ನಗರದಿಂದ ಪಶ್ಚಿಮಕ್ಕೆ ಆರೇಳು ಕಿಲೋಮೀಟರು. ವೆಳ್ಳಿಯಂಗಿರಿ ಬೆಟ್ಟಸಾಲಿನಲ್ಲಿ ಹುಟ್ಟಿ ಬರುವ ನೊಯ್ಯಲ್‌ನ ದಡದಲ್ಲಿ ಪಟ್ಟೀಶ್ವರ ದೇವಾಲಯ. ತಮಿಳರಿಗೆ ಇದು ಪಡುವಣ ಚಿದಂಬರ. ಇಲ್ಲಿನ ಲಿಂಗದ ಮೇಲೆ ಕಾಮಧೇನುವಿನ ಕರುವಿನ ಗೊರಸಿನ ಗುರುತಿದೆ ಎನ್ನುತ್ತಾರೆ. ಹುಣಸೆ ಮರವೊಂದಿದೆ, ಅದರ ಬೀಜ ಎಲ್ಲಿ ಬಿತ್ತಿದರೂ ಮೊಳೆಯುವುದಿಲ್ಲವಂತೆ. ತಾಳೆ ಮರವೊಂದಿದೆ, ಅದಕ್ಕೆ ಸಾವಿಲ್ಲವಂತೆ. ಇಲ್ಲಿ ಸತ್ತವರಿಗೆ ಮತ್ತೆ ಹುಟ್ಟಿಲ್ಲ ಎನ್ನುವುದಕ್ಕೆ ಊರಿನವರು ಕೊಡುವ ಸಾಕ್ಷಿ ಈ ಎರಡು ಮರಗಳು.

ನಂಬಿಯಣ್ಣ ಇಲ್ಲಿಗೆ ಬರುತ್ತಾನೆಂದು ತಿಳಿದಾಗ ಶಿವನ ಕೈಯಲ್ಲಿ ಕಾಸಿರಲಿಲ್ಲವಂತೆ. ಭಕ್ತ ಬಂದರೆ ಕೇಳದೆ ಬಿಡುವವನಲ್ಲ. ಶಿವ ಪಾರ್ವತಿಯ ಜೊತೆ ಕೂಲಿಯಾಳಿನ ವೇಷ ಹಾಕಿ ಪಕ್ಕದ ಗದ್ದೆಯಲ್ಲಿ ಭತ್ತದ ನಾಟಿಗಿಳಿದ. ಎಲ್ಲಿದ್ದೇನೆಂದು ಬಾಯಿಬಿಡಬೇಡ ಎಂದು ನಂದಿಗೆ ತಾಕೀತು ಮಾಡಿದ. ಸುಳ್ಳು ಹೇಳಲೊಲ್ಲದ ನಂದಿ ಕಣ್ಸನ್ನೆಯಲ್ಲೇ ಗದ್ದೆಯ ಕಡೆ ತೋರಿಸಿತು. ಸಿಟ್ಟಿಗೆದ್ದ ಶಿವ ಗುದ್ದಲಿಯಿಂದ ಬೀಸಿದ ಪೆಟ್ಟು ನಂದಿಯ ದವಡೆಗೆ ಬಿತ್ತು. ಆ ಗದ್ದೆ ಕೆಲಸ ಇವತ್ತಿಗೂ ಉತ್ಸವವಾಗಿ ಉಳಿದಿದೆ. ಜೂನ್–ಜುಲೈ ಹೊತ್ತಿಗೆ ಬರುವ ಆನಿ ಮಾಸದಲ್ಲಿ ಇಲ್ಲಿ ದೇವರ ಹೆಸರಿನಲ್ಲಿ ಪೈರು ನೆಡುತ್ತಾರೆ.

ಕಥೆ ಸಾಕು, ಕನಕಸಭೆಗೆ ಬನ್ನಿ. ಪೇರೂರಿಗೆ ಬರಬೇಕಾದ್ದೇ ಇದಕ್ಕಾಗಿ. ಮದುರೆಯಲ್ಲಿ ತಿರುಮಲ ನಾಯಕ ಆಳುತ್ತಿದ್ದ 1623–1659ರ ಅವಧಿಯಲ್ಲಿ ಅವನ ತಮ್ಮ ಅಳಗಾದ್ರಿ ನಾಯಕ ನಟರಾಜನಿಗೆ ಕಟ್ಟಿಸಿದ ಸಭಾಮಂಟಪವಿದು. ಇಲ್ಲಿ ಕಂಬವೆಂದರೆ ಚಾವಣಿ ಹೊರುವ ಕಲ್ಲಷ್ಟೇ ಅಲ್ಲ. ಒಂದೊಂದರ ಮುಂಭಾಗದಿಂದಲೂ ಆಳೆತ್ತರವನ್ನು ಮೀರಿದ ವಿಗ್ರಹ ಹೊರಗೆ ಹೆಜ್ಜೆಯಿಟ್ಟಿದೆ. ಕಂಬ, ವಿಗ್ರಹ ಎರಡೂ ಒಂದೇ ಬಂಡೆಯವು. ಹಂಪಿ, ಲೇಪಾಕ್ಷಿಯ ಕಂಬಗಳನ್ನು ನೋಡಿದವರಿಗೆ ಇದರ ಮೂಲ ಕೂಡಲೇ ಹೊಳೆಯುತ್ತದೆ. ಮದುರೆ ನಾಯಕರು ವಿಜಯನಗರದ ಅಧೀನದಲ್ಲಿ ಬೆಳೆದವರು. ಹಂಪಿ ಬಿದ್ದ ಮೇಲೂ ಆ ಕೆಲಸಗಾರಿಕೆ ತೆಂಕಣದಲ್ಲಿ ಮುಂದುವರಿಯಿತು. ವೀರಭದ್ರನಂತೂ ನಮಗೆ ಮನೆದೇವರು. ಇಲ್ಲಿ ಅಘೋರ ವೀರಭದ್ರ, ಅಗ್ನಿ ವೀರಭದ್ರ ಎಂದು ಎರಡು ರೂಪದಲ್ಲಿ ಕತ್ತಿ ಝಳಪಿಸುತ್ತಾ ನಿಂತಿದ್ದಾನೆ. ಎದುರುಬದುರಾಗಿ ಕಾಲೆತ್ತಿ ಕುಣಿಯುವ ಶಿವ, ಅವನೊಡನೆ ಪಂದ್ಯ ಕಟ್ಟಿದ ಆಲಂಕಾಡಿನ ಕಾಳಿ, ಭಿಕ್ಷಾಟನ ಮೂರ್ತಿ, ನವಿಲೇರಿದ ಷಣ್ಮುಖ, ಗಣಪತಿ.

ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುವುದಕ್ಕಿಂತ ಗಜಸಂಹಾರ ಮೂರ್ತಿಯ ಮುಂದೆ ಹದಿನೈದು ನಿಮಿಷ ನಿಂತರೆ ಲಾಭ ಹೆಚ್ಚು. ಕಾಲ ಕೆಳಗೆ ಆನೆಯ ತಲೆ. ಸುಲಿದ ಆನೆಚರ್ಮವನ್ನು ಶಿವ ಎರಡು ಕೈಯಲ್ಲೂ ಎತ್ತಿ ಬೆನ್ನ ಹಿಂದೆ ಹರವಿದ್ದಾನೆ. ಮೊದಲು ಎದುರಿನಿಂದ ನೋಡಿ: ಚರ್ಮ ಒಂದು ಪ್ರಭಾವಳಿಯಂತೆ ಸುತ್ತುಗಟ್ಟಿ ಕಾಣುತ್ತದೆ. ಆಮೇಲೆ ಪಕ್ಕಕ್ಕೆ ಸರಿದು ನೋಡಿ: ಅದು ತೆಳುವಾದ ಕಲ್ಲಿನ ಹಾಳೆ, ಅದಕ್ಕೂ ದೇವರ ಬೆನ್ನಿಗೂ ನಡುವೆ ಗಾಳಿ, ಬೆಳಕು ಆಡುವಷ್ಟು ಜಾಗವನ್ನು ಶಿಲ್ಪಿ ತೋಡಿ ತೆಗೆದಿದ್ದಾನೆ. ಹಳೇಬೀಡಿನ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಉಳಿಗೆ ಒಲಿಯುತ್ತದೆ. ಪೇರೂರಿನದು ಕಗ್ಗಲ್ಲು, ಒಂದು ಪೆಟ್ಟು ಜೋರಾದರೆ ಬೆರಳೇ ಹಾರಿಹೋಗುತ್ತದೆ, ಅಂಟಿಸಲು ಬರುವುದಿಲ್ಲ. ತಲೆಯೆತ್ತಿದರೆ ಚಾವಣಿಯಲ್ಲಿ ಎಸಳಿನ ಮೇಲೆ ಎಸಳು ಬಿಚ್ಚಿದ ಕಮಲ; ಅಲ್ಲಿಂದ ಇಳಿಬಿದ್ದ ಕಲ್ಲಿನ ಸರಪಳಿ. ಸರಪಳಿಯ ಕೊಂಡಿಗಳಿಗೆ ಎಲ್ಲೂ ಬೆಸುಗೆಯಿಲ್ಲ. ಅಖಂಡ ಕಲ್ಲಿನಲ್ಲೇ ಒಂದರೊಳಗೊಂದನ್ನು ಬಿಡಿಸಿದ್ದಾರೆ.

ಅದೇ ಕಾಲಕ್ಕೆ ರೋಮ್ ನಗರದಲ್ಲಿ ಬರ್ನಿನಿ ಕಲ್ಲಿಗೆ ಉಸಿರು ಕೊಡುತ್ತಿದ್ದ. ಅಪೊಲೊನಿಂದ ಓಡುವ ಡ್ಯಾಫ್ನಿಯ ಬೆರಳು ಎಲೆಯಾಗಿ ಚಿಗುರುವ ಅವನ ಶಿಲ್ಪ 1622–25ರಲ್ಲಿ ಆದದ್ದು. ಅವನದು ಅಮೃತಶಿಲೆ, ಅವನ ಹೆಸರು ಲೋಕಕ್ಕೆಲ್ಲ ಗೊತ್ತು. ಪೇರೂರಿನ ಗಜಚರ್ಮವನ್ನು ಹರವಿದವನ ಹೆಸರನ್ನು ಯಾವ ಪ್ರವಾಸಿ ಕೈಪಿಡಿಯೂ ಹೇಳುವುದಿಲ್ಲ. ಉಳಿದದ್ದು ದುಡ್ಡು ಕೊಟ್ಟ ನಾಯಕನ ಹೆಸರು.

ಆ ನಾಯಕನ ಕಾಲದಲ್ಲೇ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೈನ್ಯ ಸತ್ಯಮಂಗಲದ ಕಡೆಯಿಂದ ಇಳಿದು ಮದುರೆ ಸೀಮೆಯಲ್ಲಿ ಕಂಡಕಂಡವರ ಮೂಗು ಕೊಯ್ದದ್ದು, ಮದುರೆಯವರು ತಿರುಗಿ ಮೈಸೂರು ಸೀಮೆಗೆ ನುಗ್ಗಿ ಅದೇ ಸೇಡು ತೀರಿಸಿಕೊಂಡದ್ದು. ಕಲ್ಲಿನ ಮೂಗು ತಿದ್ದುವವರು, ಮನುಷ್ಯರ ಮೂಗು ಕೊಯ್ಯುವವರು ಒಂದೇ ತಲೆಮಾರಿನಲ್ಲಿ ಒಂದೇ ಸೀಮೆಯಲ್ಲಿ ದುಡಿದರು. ಜಗಳದ ಜೊತೆಗೆ ಬೇರೆ ಕೊಡುಕೊಳ್ಳುವಿಕೆಯೂ ಇತ್ತೆನ್ನುವುದಕ್ಕೆ ಪೇರೂರಿನಲ್ಲೇ ಸಾಕ್ಷಿಯಿದೆ. ಇಲ್ಲಿನ ಮಠ 17ನೇ ಶತಮಾನದ ಶಾಂತಲಿಂಗ ಸ್ವಾಮಿಗಳ ಹೆಸರಿನದು, ವೀರಶೈವ ಪರಂಪರೆಯದು. ಶಾಂತಲಿಂಗರ ಭಾವಮೈದುನ ಶಿವಪ್ರಕಾಶರು ನಮ್ಮ ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ತಮಿಳಿಗೆ ತಂದವರು. ಅಲ್ಲಮನ ಕಥೆ ತಮಿಳಿನಲ್ಲಿ ಕಾವ್ಯವಾದದ್ದು ಈ ಬಳಗದಲ್ಲಿ.

ಕೋಟೆಯಿಲ್ಲದ ಕೋಟೆಮೇಡು

ಹತ್ತು ಗಂಟೆಯ ಹೊತ್ತಿಗೆ ನಗರಕ್ಕೆ ಮರಳಿದರೆ ಕೋಟೆಮೇಡು, ರಾಜ ಬೀದಿ, ಟೌನ್‌ಹಾಲ್ ಕಾಲ್ನಡಿಗೆಯಲ್ಲೇ ಮುಗಿಯುತ್ತವೆ. ಕೋಟೆಮೇಡಿನಲ್ಲಿ ಕೋಟೆ ಹುಡುಕಬೇಡಿ. 17ನೇ ಶತಮಾನದ ಕೊನೆಗೆ ಮೈಸೂರಿಗೆ ಸೇರಿದ ಕೊಂಗುನಾಡು 1799ರಲ್ಲಿ ಟಿಪ್ಪು ಸಾಯುವವರೆಗೂ ಹೆಚ್ಚುಕಡಿಮೆ ಶ್ರೀರಂಗಪಟ್ಟಣದ ಮಾತು ಕೇಳಿದ ಸೀಮೆ. ಮೂರನೇ ಮೈಸೂರು ಯುದ್ಧದಲ್ಲಿ ಈ ಕೋಟೆ ಕೈ ಬದಲಾಯಿಸುತ್ತಲೇ ಇತ್ತು. 1791ರಲ್ಲಿ ಚಾಲ್ಮರ್ಸ್ ಎಂಬ ಇಂಗ್ಲಿಷ್ ಲೆಫ್ಟಿನೆಂಟ್ ಬೆರಳೆಣಿಕೆಯ ಜನರನ್ನಿಟ್ಟುಕೊಂಡು ತಿಂಗಳುಗಟ್ಟಲೆ ಮುತ್ತಿಗೆ ತಡೆದು, ಕೊನೆಗೆ ಕಮರುದ್ದೀನ್ ಖಾನನಿಗೆ ಶರಣಾಗಿ ಶ್ರೀರಂಗಪಟ್ಟಣದ ಸೆರೆ ಸೇರಿದ. ಆಮೇಲೆ ಟಿಪ್ಪುವೇ ಕೋಟೆ ಕೆಡವಿಸಿದ. ಈಗ ಉಳಿದಿರುವುದು ಕೋಟೆ ಸಂಗಮೇಶ್ವರನ ಗುಡಿ, ಸುತ್ತಲಿನ ಮಸೀದಿಗಳು, ಇಕ್ಕಟ್ಟಾದ ಬೀದಿ, ಬಿರಿಯಾನಿಯ ಘಮ.

ರಾಜ ಬೀದಿಯ ಚೌಡೇಶ್ವರಿ ಗುಡಿಯ ಸುತ್ತಮುತ್ತ ಕಿವಿ ತೆರೆದಿಟ್ಟರೆ ಕನ್ನಡ ಬೀಳುತ್ತದೆ. ತಮಿಳಿನ ರಾಗ, ಹಳೆಯ ಮೈಸೂರು ಸೀಮೆಯ ಪದ. ಇವರು ದೇವಾಂಗದವರು, ನೇಕಾರರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು; ಓದು ಬರಹವೆಲ್ಲ ತಮಿಳಿನಲ್ಲೇ. ನವರಾತ್ರಿಯ ಕೊನೆಗೆ ಚೌಡಮ್ಮನ ಮೆರವಣಿಗೆ ಬಂದಾಗ ಹುಡುಗರು, ಮುದುಕರು ಎಲ್ಲ ಬರಿಮೈಯಲ್ಲಿ ಕತ್ತಿ ಹಿಡಿದು ಎದೆಗೂ ತೋಳಿಗೂ ಹೊಡೆದುಕೊಳ್ಳುತ್ತಾ ತಾಯಿಯನ್ನು ಕರೆಯುವ ಅಲಗು ಸೇವೆ ನಡೆಯುತ್ತದೆ. ಗಾಯಕ್ಕೆ ಮೆತ್ತುವುದು ಭಂಡಾರ. ನಮ್ಮ ಉತ್ತರ ಕರ್ನಾಟಕದ ದೇವಾಂಗ ಓಣಿಗಳಲ್ಲಿ ಕಂಡ ಆಚರಣೆ ನೂರಾರು ಮೈಲಿ ದೂರದ ಈ ವ್ಯಾಪಾರಿ ಬೀದಿಯಲ್ಲಿ ಬಸ್ಸು, ಆಟೋಗಳನ್ನು ನಿಲ್ಲಿಸಿ ಮುಂದೆ ಸಾಗುತ್ತದೆ.

ಇವರ ಕಲೆ ಮಗ್ಗದ್ದು. ರೇಷ್ಮೆ, ಹತ್ತಿ ಬೆರೆಸಿ ನೇಯುವ ಕೋವೈ ಕೋರಾ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಮೇಟ್ಟುಪಾಳಯಂ ಹತ್ತಿರದ ಸಿರುಮುಗೈಯ ಮೃದು ರೇಷ್ಮೆ, ಪೊಳ್ಳಾಚಿ ಕಡೆಯ ನೆಗಮಂನ ಹತ್ತಿ ಸೀರೆಗಳ ಹಿಂದೆಯೂ ದೇವಾಂಗ ಕೈಗಳಿವೆ. ಇನ್ನೊಂದು ವಿಷಯ: ಇವತ್ತಿನ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಕೊಳ್ಳೇಗಾಲದ ರೈತ ಜಿಲ್ಲಾ ಕಚೇರಿಯ ಕೆಲಸಕ್ಕೆ ಬರುತ್ತಿದ್ದದ್ದು ಈ ಊರಿಗೇ. ಮಲೆ ಮಹದೇಶ್ವರನ ಬೆಟ್ಟವೂ ಆ ಲೆಕ್ಕದಲ್ಲಿ ಮದ್ರಾಸಿನದು.

ರೋಮ್‌ನಿಂದ ಬಂದ ಬೆಳ್ಳಿ

ನಗರದ ಆಗ್ನೇಯ ಅಂಚಿನಲ್ಲಿ, ಮತ್ತೆ ನೊಯ್ಯಲ್‌ನ ಪಕ್ಕದಲ್ಲೇ ವೆಳ್ಳಲೂರು. ಇಂದು ನೋಡಲು ಅಲ್ಲೇನೂ ಇಲ್ಲ. ಕೊಯಮತ್ತೂರಿನ ಕಸದ ರಾಶಿ ಇರುವ ಊರೆಂದೇ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಆದರೆ 1842ರಲ್ಲಿ ಇಲ್ಲಿ ಒಂದು ಮಡಕೆ ಸಿಕ್ಕಿತು. ಒಳಗೆ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯ, ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಮುಖವಿರುವಂಥವು. ಮುಂದೆಯೂ ಇದೇ ಊರಿನಲ್ಲಿ ಇಂಥ ನಿಧಿ ಸಿಗುತ್ತಾ ಹೋಯಿತು.

ಇಟಲಿಯವರು ಇಷ್ಟು ದೂರ ಬೆಳ್ಳಿ ಕಳಿಸಿದ್ದು ಯಾತಕ್ಕೆ? ಮೆಣಸು ಮಲಬಾರಿನಲ್ಲೇ ಸಿಗುತ್ತಿತ್ತು. ಘಟ್ಟ ದಾಟಿ ಒಳಕ್ಕೆ ಬಂದದ್ದು ಬಹುಶಃ ಹಸಿರುನೀಲಿ ಹರಳಿಗೆ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಹತ್ತಿರದ ಪಡಿಯೂರಿನಲ್ಲಿ ಬೆರಿಲ್ ಹರಳಿನ ಗಣಿಯಿತ್ತು. 19ನೇ ಶತಮಾನದ ಆರಂಭದಲ್ಲಿ ಇಂಗ್ಲಿಷರೂ ಅದನ್ನು ಅಗೆದು ನೋಡಿದರು. ನೊಯ್ಯಲ್‌ನ ಕೆಳದಂಡೆಯಲ್ಲಿ, ಈಗಿನ ಈರೋಡು ಜಿಲ್ಲೆಯ ಕೊಡುಮಣಲ್‌ನಲ್ಲಿ ಉತ್ಖನನ ಮಾಡಿದವರಿಗೆ ಹರಳು ಕೊರೆದು ಮಣಿ ಮಾಡುತ್ತಿದ್ದ ಕಸುಬಿನ ಗುರುತುಗಳು ಸಿಕ್ಕಿವೆ. ಒಳ್ಳೆಯ ಬೆರಿಲ್ ಭಾರತದ್ದೇ ಎಂದು ಬರೆದ ರೋಮನ್ ಲೇಖಕ ಪ್ಲಿನಿ, ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ನಾಣ್ಯ ಭಾರತಕ್ಕೆ ಹರಿದುಹೋಗುತ್ತಿದೆಯೆಂದು ಗೊಣಗಿದ್ದೂ ಇದೆ. ಆ ಗೊಣಗಾಟದ ಒಂದು ಪಾಲು ವೆಳ್ಳಲೂರಿನ ಮಣ್ಣಿನಲ್ಲಿತ್ತು. ನಾವು ಇಟಲಿ ನೋಡಲು ಸಾಲ ಮಾಡಿ ಹೋಗುವ ಕಾಲಕ್ಕೆ ಸುಮಾರು ಇಪ್ಪತ್ತು ಶತಮಾನ ಮೊದಲೇ ಇಟಲಿಯ ದುಡ್ಡು ಕೊಂಗುನಾಡಿಗೆ ಬಂದು ಕೂತಿತ್ತು.

ಮಧ್ಯಾಹ್ನ ಗುಡಿಗಳು ಮುಚ್ಚಿರುತ್ತವೆ. ಊಟಕ್ಕೆ ಕೊಂಗು ಮನೆಯಡುಗೆಯ ಅರಿಸಿ ಪರುಪ್ಪು ಸಾದಂ, ಹುರುಳಿಯ ಕೊಳ್ಳು ಪರುಪ್ಪು ಸಿಗುವ ಮೆಸ್ ಹುಡುಕಿ. ಅಕ್ಕಿಬೇಳೆಯನ್ನು ಒಟ್ಟಿಗೇ ಬೇಯಿಸಿ ತುಪ್ಪ ಸುರಿದ ಈ ಅನ್ನ ಬಿಸಿಬೇಳೆ ಬಾತಿನಷ್ಟು ಮಸಾಲೆಯದಲ್ಲ. ತುಪ್ಪ ಊತ್ತುಕುಳಿಯದಾದರೆ ಪುಣ್ಯ. ಊಟದ ಮೇಲೂ ಹೊತ್ತಿದ್ದರೆ 1902ರಲ್ಲಿ ತೆರೆದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯವನ್ನೋ, ಅವಿನಾಶಿ ರಸ್ತೆಯ ಕಸ್ತೂರಿ ಶ್ರೀನಿವಾಸನ್ ಕಲಾ ಗ್ಯಾಲರಿಯನ್ನೋ ನೋಡಬಹುದು. ಎರಡನೆಯದು ಜವಳಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿ ಬೆಳೆಸಿದ, ತಾವೂ ಬರೆದು ಚಿತ್ರಿಸಿದ ವ್ಯಕ್ತಿಯ ಹೆಸರಿನದು. ಫ್ಲಾರೆನ್ಸಿನ ಹಾದಿಯನ್ನು ಸ್ವಲ್ಪವಾದರೂ ತುಳಿದ ಕೊಯಮತ್ತೂರಿನ ಜವಳಿಯವರು ಇವರು.

ಕರುಮತ್ತಂಪಟ್ಟಿ ದಾಟಿ ಪೂಂಡಿಗೆ

ಅವಿನಾಶಿ ಕಡೆಗೆ ಹೆದ್ದಾರಿ ಹಿಡಿದರೆ ನಡುವೆ ಕರುಮತ್ತಂಪಟ್ಟಿ. ಜಪಮಾಲೆ ಮಾತೆಯ ಈ ಬಸಿಲಿಕಾದ ಬೇರು 17ನೇ ಶತಮಾನದ ಜೆಸ್ವಿಟ್ ಪಾದ್ರಿಗಳಲ್ಲಿದೆ. ಟಸ್ಕನಿಯ ಮೊಂಟೆಪುಲ್ಚಾನೊ ಊರಿನ ರಾಬರ್ಟೊ ದ ನೊಬಿಲಿ ಮದುರೆಯಲ್ಲಿ ಕಾವಿ ತೊಟ್ಟು, ಸಸ್ಯಾಹಾರಿಯಾಗಿ, ಸಂಸ್ಕೃತ–ತಮಿಳು ಕಲಿತು ಧರ್ಮ ಬೋಧಿಸಿದ ಕಾಲವದು. ಅವನ ಬೆನ್ನಿಗೇ ಬಂದ ಇನ್ನೊಬ್ಬ ಇಟಲಿಯವ, ಲಿಯೊನಾರ್ಡೊ ಚಿನ್ನಾಮಿ, ಸತ್ಯಮಂಗಲದ ಕಡೆ ಕೆಲಸ ಮಾಡಿ ಶ್ರೀರಂಗಪಟ್ಟಣಕ್ಕೆ ಹೋದ, ಮೈಸೂರು ಮಿಷನ್ ಶುರುಮಾಡಿದ, ಕನ್ನಡ ಕಲಿತು ಅದರಲ್ಲಿ ಬರೆದ. ಇಟಲಿಯವನೊಬ್ಬ ಕನ್ನಡಕ್ಕೆ ಬಂದದ್ದು ಇದೇ ಕೊಂಗು ದಾರಿಯಲ್ಲಿ.

ತಿರುಮುರುಗನ್‌ಪೂಂಡಿ ಅವಿನಾಶಿಯಿಂದ ತಿರುಪ್ಪೂರಿನ ಕಡೆ ಐದು ಕಿಲೋಮೀಟರು. ಊರು ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಬದಿಯಲ್ಲಿ ಬಿಳಿ ದೂಳು, ತಗಡಿನ ಸೂರು, ಅದರಡಿ ಅರೆಬರೆ ದೇವರುಗಳು. ಇಲ್ಲಿನ ಶಿಲ್ಪಶಾಲೆಗಳು ಗುಡಿಯಂತೆ ಮಧ್ಯಾಹ್ನ ಬಾಗಿಲು ಹಾಕುವುದಿಲ್ಲ, ಮೂರು ಗಂಟೆಗೆ ಬಂದವರಿಗೆ ಅದೇ ಅನುಕೂಲ. ಊತ್ತುಕುಳಿ ಕಡೆಯ ಕಲ್ಲು ಇಲ್ಲಿ ಗಣಪತಿಯಾಗಿ, ಅಮ್ಮನಾಗಿ, ಗ್ರಾಮರಕ್ಷಕ ಕರುಪ್ಪಸ್ವಾಮಿಯಾಗಿ ಲಾರಿಯೇರುತ್ತದೆ. ದೂರದ ಊರುಗಳಿಗೂ, ಹೊರದೇಶದ ಗುಡಿಗಳಿಗೂ ಹೋಗುತ್ತದೆ.

ಕೆಲಸ ಹೀಗೆ ಸಾಗುತ್ತದೆ. ಮೊದಲು ಕಲ್ಲಿನ ದನಿ ಕೇಳುತ್ತಾರೆ. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ಮೊಳಗುವುದು ಪುರುಷ ಶಿಲೆ, ದೇವರಿಗೆ. ತಾಳದ ನಾದದ್ದು ಸ್ತ್ರೀ ಶಿಲೆ, ದೇವಿಗೆ. ದನಿಯೇ ಇಲ್ಲದ್ದು ಪೀಠಕ್ಕೂ ಮೆಟ್ಟಿಲಿಗೂ. ಆಮೇಲೆ ಕೆಮ್ಮಣ್ಣಿನ ನೀರಿನಲ್ಲಿ ದಾರ ಅದ್ದಿ ನಡುಗೆರೆ ಹೊಡೆಯುತ್ತಾರೆ. ಮುಖದ ಉದ್ದವೇ ಅಳತೆಗೋಲು. ಉತ್ತಮ ದೇವರಿಗೆ ಹತ್ತು ತಾಳ, ಉಳಿದವರಿಗೆ ಸ್ಥಾನಕ್ಕೆ ತಕ್ಕಂತೆ ಕಡಿಮೆ. ಒರಟು ಭಾಗ ತೆಗೆಯುವುದು ಈಗ ವಿದ್ಯುತ್ ಕಟ್ಟರ್. ವಾರದ ಕೆಲಸ ದಿನಕ್ಕಿಳಿದಿದೆ, ಜೊತೆಗೆ ಪುಪ್ಪುಸಕ್ಕೆ ಇಳಿಯುವ ದೂಳು ಹೆಚ್ಚಾಗಿದೆ. ಮುಖ ಬಂದಾಗ ಮಾತ್ರ ಯಂತ್ರ ನಿಲ್ಲುತ್ತದೆ. ತುಟಿಯ ಅಂಚು, ಮೂಗಿನ ಹೊಳ್ಳೆ ಬಿಡಿಸುವುದು ಪೆನ್ಸಿಲ್ಲಿನಷ್ಟು ಸಣ್ಣ ಉಳಿ. ಐದಾರು ಪೆಟ್ಟು, ಬಾಯಿಂದ ಊದು, ಹೆಬ್ಬೆರಳಿನಿಂದ ಸವರು, ಮತ್ತೆ ಐದಾರು ಪೆಟ್ಟು. ಕಣ್ಣು ಎಲ್ಲಕ್ಕಿಂತ ಕೊನೆಗೆ. ಅದನ್ನು ತೆರೆಯುವುದು ಪ್ರತಿಷ್ಠೆಯ ಗುಡಿಯಲ್ಲೇ. ಹಾಗಾಗಿ ಶಾಲೆಯಂಗಳದ ದೇವರುಗಳೆಲ್ಲ ಇನ್ನೂ ದೃಷ್ಟಿಯಿಲ್ಲದವರು. ಬೆಳಗ್ಗೆ ಪೇರೂರಿನಲ್ಲಿ ಕಂಡ ತೆಳು ಚರ್ಮ, ಕಲ್ಲಿನ ಸರಪಳಿ ಹೇಗಾದವು ಎನ್ನುವ ಪ್ರಶ್ನೆಗೆ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಉತ್ತರ ಸಿಗುವುದು ಇಲ್ಲೇ. ಫ್ಲಾರೆನ್ಸಿನ ಪ್ರವಾಸಿಗೆ ಮೈಕಲಾಂಜೆಲೊನ ಡೇವಿಡ್ ಸಿಗುತ್ತಾನೆ. ಮೈಕಲಾಂಜೆಲೊನ ಅಂಗಳ ಸಿಗುವುದಿಲ್ಲ.

ನಾಲ್ಕರ ಮೇಲೆ ಗುಡಿ ತೆರೆಯುತ್ತದೆ. ನಲ್ಲಾರಿನ ಪಕ್ಕದ ಮುರುಗನಾಥೇಶ್ವರ. ಪೇರೂರಿನಲ್ಲಿ ಕೇಳಲು ಹೋದ ನಂಬಿಯಣ್ಣ ಇಲ್ಲಿಗೆ ಬರುವಾಗ ಕೈತುಂಬಿದವನು. ಗೆಳೆಯ ಚೇರಮ ಪೆರುಮಾಳ್ ಕೊಟ್ಟ ಬಂಗಾರ, ರೇಷ್ಮೆಗಳ ಮೂಟೆ ಆಳುಗಳ ಹೆಗಲ ಮೇಲೆ. ಸಂಜೆಗತ್ತಲಲ್ಲಿ ಬೇಡರು ಮೇಲೆ ಬಿದ್ದು ಎಲ್ಲ ದೋಚಿಕೊಂಡು ಹೋದರು. ಬೇಡರಾಗಿ ಬಂದವರು ಶಿವನ ಗಣಗಳೇ. ತಾನು ಕೊಡದ್ದನ್ನು ಬೇರೆಯವರಿಂದ ತಂದಿದ್ದಾನಲ್ಲ ಎಂಬ ಶಿವನ ಮುನಿಸು. ನಂಬಿಯಣ್ಣ ಗುಡಿಯ ಮುಂದೆ ನಿಂತು ಬೈದು ಹಾಡಿದ: ಕಳ್ಳರ ಈ ಊರಿನಲ್ಲಿ ನೀನೇಕೆ ಕೂತಿದ್ದೀಯ ಎನ್ನುವ ಅರ್ಥದ ಹಾಡು. ಮೂಟೆಗಳು ಮರಳಿ ಬಂದವು. ಕಳೆದುಕೊಂಡು ಮುಖ ಬಾಡಿದ ನಂಬಿ, ಪಡೆದು ನಗುವ ನಂಬಿ ಎಂದು ಇಲ್ಲಿ ಎರಡು ವಿಗ್ರಹ ತೋರಿಸುತ್ತಾರೆ. ಬಿಲ್ಲು ಹಿಡಿದ ಬೇಡ ಶಿವನೂ ಇದ್ದಾನೆ. ಪವಾಡವನ್ನು ಬದಿಗಿಟ್ಟರೂ ಈ ಕಥೆಯಲ್ಲಿ ಇತಿಹಾಸ ಉಳಿಯುತ್ತದೆ: ಚೇರ ನಾಡಿನ ಬಂಗಾರ ಕಿಂಡಿ ದಾಟಿ ಈ ದಾರಿಯಲ್ಲಿ ಬರುತ್ತಿತ್ತು, ದಾರಿ ಕಾಯುವವರೂ ದೋಚುವವರೂ ಇಲ್ಲಿದ್ದರು.

ಎರಡು ನಂದಿಗಳ ಗುಡಿ, ಬಣ್ಣದ ಹೊಳೆ

ತಿರುಪ್ಪೂರನ್ನು ಸಂಜೆ ಹೊತ್ತಲ್ಲಿ ದಾಟಲು ತಾಳ್ಮೆ ಬೇಕು. 1932ರ ಜನವರಿಯಲ್ಲಿ ಸ್ವಾತಂತ್ರ್ಯ ಹೋರಾಟದ ಧ್ವಜ ಬಿಡದೆ ಲಾಠಿ ಏಟಿಗೆ ಸತ್ತ ಕುಮಾರನ್ ಅವರ ಸ್ಮಾರಕ ದಾಟಿ ಊತ್ತುಕುಳಿ ರಸ್ತೆಗೆ ಹೊರಳಿದರೆ ಸರ್ಕಾರ್ ಪೆರಿಯಪಾಳಯಂ. ಅಲ್ಲಿನ ಸುಕ್ರೀಶ್ವರ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ರಾಜಗೋಪುರದ ಅಬ್ಬರವಿಲ್ಲದ, ಹುಲ್ಲಿನಂಗಳದ ನಡುವಿನ ಶಾಂತ ಕಲ್ಗುಡಿ. ಸುಗ್ರೀವ ಪೂಜಿಸಿದ ಲಿಂಗವೆಂದು ನಂಬಿಕೆ. ಪೇರೂರಿನ ಕುಸುರಿ ಕಂಡ ಕಣ್ಣಿಗೆ ಇದು ಬರಿದೆನಿಸಿದರೆ ಗೋಡೆಯ ಅಳತೆಯನ್ನು ನೋಡಬೇಕು. ಕಲ್ಲಿನ ಮೇಲೆ ಕಲ್ಲು ಕೂತ ಗೆರೆಯೇ ಇಲ್ಲಿನ ಅಲಂಕಾರ.

ಇಲ್ಲಿ ಒಂದರ ಹಿಂದೆ ಒಂದು ಎರಡು ನಂದಿ. ಒಂದಕ್ಕೆ ಕಿವಿ, ಕೊಂಬು ಮುಕ್ಕಾಗಿವೆ. ರಾತ್ರಿ ಹೊಲಕ್ಕೆ ನುಗ್ಗಿ ಪೈರು ಮೇಯುತ್ತಿದ್ದ ಬಸವನ ಕಿವಿಯನ್ನು ರೈತ ಕತ್ತರಿಸಿದ; ಬೆಳಗ್ಗೆ ನೋಡಿದರೆ ಗುಡಿಯ ಕಲ್ಲು ನಂದಿಯ ಕಿವಿಯಲ್ಲಿ ರಕ್ತ. ಪ್ರಾಯಶ್ಚಿತ್ತಕ್ಕೆ ಅವನು ಹೊಸ ನಂದಿ ಮಾಡಿಸಿ ಮುಂದಿಟ್ಟರೆ, ಮುಕ್ಕಾದ ಹಳೆಯದು ತಾನೇ ಮುಂದಕ್ಕೆ ಬಂದು ಕೂತಿತಂತೆ. ಪೇರೂರಿನಲ್ಲಿ ದೇವರ ಕೈಯ ಪೆಟ್ಟು, ಇಲ್ಲಿ ರೈತನ ಕೈಯದು. ಕೊಂಗುನಾಡಿನ ನಂದಿಗಳು ಗಾಯವಿಲ್ಲದೆ ಬದುಕಿದ್ದು ಕಡಿಮೆ.

ಪಕ್ಕದ ನೊಯ್ಯಲ್‌ನ ಗಾಯ ಪುರಾಣದ್ದಲ್ಲ. ಜರ್ಮನಿ, ಇಟಲಿಗಳ ಯಂತ್ರ ತರಿಸಿ ಜಗತ್ತಿಗೆ ಬನಿಯನ್ ಹೊಲಿದ ತಿರುಪ್ಪೂರು ಬಣ್ಣದ ನೀರನ್ನು ಈ ಹೊಳೆಗೇ ಬಿಟ್ಟಿತು. ಕೆಳಗೆ ಒರತ್ತುಪಾಳಯಂನಲ್ಲಿ 1992ರಲ್ಲಿ ಕಟ್ಟಿದ ಅಣೆಕಟ್ಟೆ ಆ ನೀರಿನ ತೊಟ್ಟಿಯಾಯಿತು. ನಮಗೆ ಈ ನೀರು ಬೇಡವೆಂದು ರೈತರೇ ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಒಂದು ತೊಟ್ಟೂ ಹೊರಗೆ ಬಿಡದಂತೆ ಶುದ್ಧೀಕರಿಸಿದವರಷ್ಟೇ ಮತ್ತೆ ತೆರೆಯಬಹುದಾಯಿತು. ಹೊಳೆ ಇನ್ನೂ ಪೂರ್ತಿ ಚೇತರಿಸಿಲ್ಲ. ಆದರೆ ಇಲ್ಲಿಗೆ ಸಮೀಪದ ನಂಜರಾಯನ್ ಕೆರೆ 2022ರಲ್ಲಿ ಪಕ್ಷಿಧಾಮವಾಗಿ, 2024ರಲ್ಲಿ ರಾಮ್ಸಾರ್ ತಾಣವಾಗಿ ಘೋಷಣೆಯಾಯಿತು. 15–16ನೇ ಶತಮಾನದಲ್ಲಿ ನಮ್ಮ ಚಾಮರಾಜನಗರ ಸೀಮೆಯ ಉಮ್ಮತ್ತೂರು ಒಡೆಯರ ಅಧಿಕಾರ ಕೊಂಗುನಾಡಿನವರೆಗೂ ಚಾಚಿತ್ತು. ಕೆರೆಗೆ ಅಂಟಿದ ನಂಜರಾಯ ಎಂಬ ಹೆಸರು ಕೇಳಿದ ಕನ್ನಡಿಗನಿಗೆ ಆ ಒಡೆಯರು ನೆನಪಾಗದೆ ಇರರು.

ಮೊಸಳೆ ನುಂಗಿದ್ದು, ಉಗುಳಿದ್ದು

ದಿನದ ಕೊನೆ ಅವಿನಾಶಿ. ಅವಿನಾಶಿಲಿಂಗೇಶ್ವರ, ಕರುಣಾಂಬಿಕೆ. ಏಳು ನೆಲೆಯ ಗೋಪುರ, ಹೊರಗೆ ತಮಿಳುನಾಡಿನ ಅತಿ ದೊಡ್ಡ ರಥಗಳಲ್ಲೊಂದು. ಕಾಶಿಗೆ ಸಮ ಈ ಊರು ಎನ್ನುವುದು ಕೊಂಗರ ಗಾದೆ. ನಂಬಿಯಣ್ಣ ಇಲ್ಲಿಗೆ ಬಂದಾಗ ಒಂದು ಮನೆಯಲ್ಲಿ ಉಪನಯನದ ಸಂಭ್ರಮ, ಎದುರು ಮನೆಯಲ್ಲಿ ಅಳು. ಒಟ್ಟಿಗೆ ಕೆರೆಗೆ ಹೋದ ಇಬ್ಬರು ಐದು ವರ್ಷದ ಹುಡುಗರಲ್ಲಿ ಒಬ್ಬನನ್ನು ಮೂರು ವರ್ಷದ ಹಿಂದೆ ಮೊಸಳೆ ನುಂಗಿತ್ತು. ಉಳಿದವನಿಗೆ ಈಗ ಜನಿವಾರ. ಕವಿ ಕೆರೆಯ ಏರಿಯ ಮೇಲೆ ನಿಂತು ಹಾಡಿದ. ಬತ್ತಿದ ಕೆರೆ ತುಂಬಿತು, ಮೊಸಳೆ ಬಂದು ಹುಡುಗನನ್ನು ಉಗುಳಿತು. ಅವನೂ ಜೊತೆಯವನಷ್ಟೇ ಬೆಳೆದಿದ್ದ, ಅವನಿಗೂ ಜನಿವಾರ ಹಾಕಿದರು. ಗುಡಿಯಲ್ಲಿ ಈ ಕಥೆಯ ಶಿಲ್ಪವಿದೆ, ವರ್ಷಕ್ಕೊಮ್ಮೆ ಅದರ ಉತ್ಸವವಿದೆ.

ಪೇರೂರು, ಪೂಂಡಿಯಲ್ಲಿ ದುಡ್ಡಿಗಾಗಿ ಹಾಡಿದವನು ಇಲ್ಲಿ ತನಗೆಂದು ಏನೂ ಕೇಳಲಿಲ್ಲ. ಕೊಂಗುನಾಡನ್ನು ಈ ದಾರಿಯಲ್ಲಿ ನೋಡಿ ಮುಗಿಸಿದವರಿಗೆ ಒಂದು ಸಂಗತಿ ಖಚಿತವಾಗುತ್ತದೆ. ರೋಮಿನ ಬೆಳ್ಳಿ, ಚೇರನ ಬಂಗಾರ, ಮೈಸೂರಿನ ಕೋಟೆ ಯಾವುದೂ ಇಲ್ಲಿ ನಿಲ್ಲಲಿಲ್ಲ. ಹಾಡು, ಕಥೆ, ಮಗ್ಗ ಮತ್ತು ಉಳಿ ನಿಂತವು, ಏಕೆಂದರೆ ಅವನ್ನು ಕೈಯಿಂದ ಕೈಗೆ ದಾಟಿಸುವವರು ಇದ್ದರು. ಮುಂದಿನ ಸಲ ಆಪರೇಷನ್ನಿಗೋ ಗ್ರೈಂಡರಿಗೋ ಹೋಗುವವರು ಒಂದು ದಿನ ಹೆಚ್ಚು ರಜೆ ಹಾಕಿದರೆ ನಷ್ಟವಿಲ್ಲ.

ಹೋಗುವವರಿಗೆ

ಬೆಂಗಳೂರಿನಿಂದ ಕೊಯಮತ್ತೂರಿಗೆ ವಂದೇ ಭಾರತ್, ಉದಯ್ ಸೇರಿ ಹಲವು ರೈಲುಗಳಿವೆ. ಮೈಸೂರು ಕಡೆಯವರಿಗೆ ಚಾಮರಾಜನಗರ, ಹಾಸನೂರು, ಸತ್ಯಮಂಗಲದ ರಸ್ತೆ ಹತ್ತಿರ. ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ಹುಲಿ ಮೀಸಲು ಪ್ರದೇಶವಾದ್ದರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಹಗಲಲ್ಲೇ ದಾಟುವಂತೆ ಹೊರಡಿ. ಕೊಯಮತ್ತೂರಿನಿಂದ ಅವಿನಾಶಿ ಸುಮಾರು 40 ಕಿಲೋಮೀಟರು. ಗುಡಿಗಳು ಸಾಮಾನ್ಯವಾಗಿ ಮಧ್ಯಾಹ್ನ ಒಂದರ ಒಳಗೆ ಮುಚ್ಚಿ ನಾಲ್ಕರ ಸುಮಾರಿಗೆ ತೆರೆಯುತ್ತವೆ. ಫೋಟೊ ತೆಗೆಯುವ ಮುಂಚೆ ಗುಡಿಯಲ್ಲೂ ಶಿಲ್ಪಶಾಲೆಯಲ್ಲೂ ಕೇಳಿ. ತಮಿಳು ಬಾರದಿದ್ದರೂ ಪರವಾಗಿಲ್ಲ. ನೇಕಾರರ ಬೀದಿಗಳಲ್ಲಿ ಕನ್ನಡದಲ್ಲಿ ಮಾತು ತೆಗೆದರೆ ಉತ್ತರ ಕನ್ನಡದಲ್ಲೇ ಬಂದೀತು. ಸೆಕೆಗೆ ಹೆದರುವವರಿಗೆ ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ.